ಇಂದ್ರಾಣಿ ಸುಮ್ಮನಾದ ಹರಾಜು

ಮೈಸೂರು ಮೈನ್ಸ್‌ನ ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ ಇಂದ್ರಾಣಿಯ ಬಾಯಿಗೆ ಹೆದರದವರು ಕಡಿಮೆ. ನಲ್ಲಿಯ ಸರದಿ ತಪ್ಪಿಸಿದವರಿರಲಿ, ಬೀದಿಗೆ ಮುಸುರೆ ಚೆಲ್ಲಿದವರಿರಲಿ, ಕುಡಿದು ಬಂದು ಹೆಂಡತಿಯ ಮೇಲೆ ಕೈಯೆತ್ತಿದವರಿರಲಿ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲು ದಾಟಿದಳೆಂದರೆ ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತಿತ್ತು. ಅಂಥ ಹೆಂಗಸು ಬಾಯಿ ತೆರೆಯಲೇಬೇಕಾದ ಒಂದು ಜಾಗದಲ್ಲಿ ತುಟಿ ಬಿಗಿದು ನಿಂತುಬಿಟ್ಟಳು. ಆ ಸಂಗತಿ ಬಿಟ್ಟು ಅವಳ ವಿಚಾರ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ.

ಗಂಡ ಕುಪ್ಪುಸ್ವಾಮಿ ಗಣಿಯೊಳಗೆ ಇಳಿಯುತ್ತಿದ್ದವನು. ಗಣಿ ಮುಚ್ಚಿದ ಮೇಲೆ ಅವನೂ ಊರಿನ ಬಹುಪಾಲು ಗಂಡಸರಂತೆ ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ, ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟು ಕಾಯಲು ನಿಂತ. ರೈಲಿನ ಪಾಸು, ಅಲ್ಲಿನ ಊಟ, ಇಲ್ಲಿನ ಮನೆ ಎಂದು ಅವನ ಸಂಬಳ ಹರಿದು ಹಂಚಿಹೋಗುವುದನ್ನು ಕಂಡ ಇಂದ್ರಾಣಿ, ಆಂಡರ್ಸನ್‌ಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋಗಿ ಹಾಸಿಗೆಯ ಬಟ್ಟೆಗಳನ್ನು ತಾನು ಒಗೆದು ಕೊಡುವುದಾಗಿ ಕೇಳಿದಳು. ನಮ್ಮ ವಂಶದಲ್ಲಿ ಯಾರೂ ಊರ ಬಟ್ಟೆ ಒಗೆದವರಲ್ಲ ಎಂದು ಅತ್ತೆ ಮೂಗು ಮುರಿದಳು. ವಂಶದವರು ಬಂದು ಅಕ್ಕಿ ಹಾಕುತ್ತಾರಾ ಎಂದು ಕೇಳಿ ಇಂದ್ರಾಣಿ ಬಕೆಟ್ ಎತ್ತಿದಳು. ಆಮೇಲೆ ಪಕ್ಕದ ಸಾಲಿನ ಅಂಬಿಕ ಜೊತೆಗೂಡಿದಳು. ಅಂಬಿಕಳಿಗೆ ಗಂಡ ಇದ್ದೂ ಇಲ್ಲ. ಎಲ್ಲಿದ್ದಾನೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಇಬ್ಬರೂ ಸೇರಿ ಮನೆ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಸೋಡಾ ಹಾಕಿ ನೆನೆಸಿ, ಕುಕ್ಕಿ, ಹಿಂಡಿ, ಹಗ್ಗದ ಮೇಲೆ ಹರವುತ್ತಿದ್ದರು. ಅಂಗೈ ಸಿಪ್ಪೆ ಸುಲಿದರೂ ಕೆಲಸ ನಿಂತದ್ದಿಲ್ಲ.

ಒಗೆಯುವುದು ಅವರಿಗೆ ಕಷ್ಟವೇ ಆಗಿರಲಿಲ್ಲ. ಕಷ್ಟವೆಲ್ಲ ಒಣಗಿಸುವುದರಲ್ಲಿತ್ತು. ಗಣಿಯವರು ಚಿನ್ನ ತೆಗೆದುಕೊಂಡು ಹೋಗುವಾಗ ಊರಿಗೆ ಉಳಿಸಿದ ಆಸ್ತಿಯೆಂದರೆ ಸೈನೈಡ್ ದಿಬ್ಬಗಳು, ಚಿನ್ನ ಸೋಸಿ ಬಿಸಾಡಿದ ಪುಡಿಮಣ್ಣಿನ ಗುಡ್ಡೆಗಳು. ಆಷಾಢದ ಗಾಳಿ ಎದ್ದಿತೆಂದರೆ ಆ ದಿಬ್ಬಗಳ ನುಣ್ಣನೆಯ ಬೂದು ಪುಡಿ ಅನ್ನದ ತಟ್ಟೆಗೂ ಬಂದು ಕೂರುತ್ತದೆ. ಇನ್ನು ಒದ್ದೆ ಬಟ್ಟೆಯನ್ನು ಬಿಡುತ್ತದೆಯೇ? ಬೆಳಗ್ಗೆ ಬೆಳ್ಳಗೆ ಹರವಿದ್ದು ಮಧ್ಯಾಹ್ನಕ್ಕೆ ಬೂದಿ ಬಳಿದುಕೊಂಡಿರುತ್ತಿತ್ತು. ಮತ್ತೆ ಒಗೆಯಬೇಕು, ಮತ್ತೆ ಹರವಬೇಕು. ಗಾಳಿ ಬೀಸುವ ಎರಡು ತಿಂಗಳು ಇಂದ್ರಾಣಿ ಗಾಳಿಗೂ ದಿಬ್ಬಕ್ಕೂ ಸೇರಿಸಿ ತಮಿಳಿನಲ್ಲಿ ಬೈಯುತ್ತಿದ್ದಳು. ಕನ್ನಡದಲ್ಲಿ ಅಷ್ಟು ಖಾರ ಬರುವುದಿಲ್ಲ ಎಂದು ಅವಳ ಅಭಿಪ್ರಾಯ.

ಹೀಗಿರುವಾಗ ನೊರೆ ಎಂಬ ಹೆಸರಿನ ಕಂಪನಿಯೊಂದು ಬಂಗಾರಪೇಟೆಯ ಹೊರಗೆ ಶೆಡ್ ಹಾಕಿ, ಒಗೆಯುವುದನ್ನೂ ಒಣಗಿಸುವುದನ್ನೂ ಒಂದೇ ಹೊಟ್ಟೆಯಲ್ಲಿ ಮಾಡುವ ಮಿಶನ್ ತಯಾರಿಸತೊಡಗಿತು. ಸಣ್ಣ ಲಾಂಡ್ರಿಯವರಿಗೆಂದೇ ಮಾಡಿದ ಮಿಶನ್. ಅದನ್ನು ಪರೀಕ್ಷೆ ಮಾಡಲು ಒಗೆಯುವವರ ಮನೆಗಳನ್ನೇ ಹುಡುಕಿ ಪುಕ್ಕಟೆ ಕೊಟ್ಟರು. ಒಂದು ಇಂದ್ರಾಣಿಯ ಮನೆಗೂ ಬಂತು. ಮೊದಲ ದಿನ ಅವಳು ಅದಕ್ಕೆ ಅರಿಶಿನ ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು, ಆಮೇಲಷ್ಟೇ ಸ್ವಿಚ್ ಒತ್ತಿದಳು. ಒಂದಿಡೀ ಗಾಳಿಗಾಲ ಬಾಗಿಲು ಮುಚ್ಚಿಕೊಂಡು ಮನೆಯೊಳಗೇ ಬಟ್ಟೆ ಒಣಗಿತು. ಹೊರಗೆ ಗಾಳಿ ಹುಯ್ಲಿಡುತ್ತಿರುವಾಗ ಇಂದ್ರಾಣಿ ಬಿಸಿಬಿಸಿ ಚಾದರವನ್ನು ಕೆನ್ನೆಗೆ ಒತ್ತಿಕೊಂಡು, ಇದಪ್ಪಾ ಸುಖ ಎಂದುಕೊಂಡಳು.

ನೊರೆ ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡಿತು. ಎಷ್ಟು ಬೇಗ ಉಬ್ಬಿತೋ ಅಷ್ಟೇ ಬೇಗ ಇಳಿಯಿತು. ಹಣ ಹಾಕಿದವರು ಕೈಯೆತ್ತಿದರು, ಶೆಡ್ಡಿಗೆ ಬೀಗ ಬಿತ್ತು, ಪರೀಕ್ಷೆಗೆ ಕೊಟ್ಟ ಮಿಶನ್‌ಗಳನ್ನೆಲ್ಲ ಲಾರಿಯಲ್ಲಿ ವಾಪಸು ಹೊತ್ತುಕೊಂಡು ಹೋದರು. ಮುಂದಿನ ಆಷಾಢ ಬಂದಾಗ ಚಾದರಗಳು ಮತ್ತೆ ಹಗ್ಗಕ್ಕೇರಿದವು. ಈ ಸಲ ನರ್ಸಿಂಗ್ ಹೋಮಿನ ಉಸ್ತುವಾರಿ ಕಲ್ಪನ ಮೇಡಂ ಇಂದ್ರಾಣಿಯನ್ನು ಕರೆದು, ಬಾಣಂತಿಯರ ಮೈ ಕಡಿಯುತ್ತಿದೆಯಂತೆ, ಬಂಧುಗಳು ಗಲಾಟೆ ಮಾಡುತ್ತಿದ್ದಾರೆ ಎಂದು ಬೇಸರದಿಂದಲೇ ಹೇಳಿದರು. ಬೆಂಗಳೂರಿನ ಲಾಂಡ್ರಿಯವರು ವ್ಯಾನು ಕಳಿಸಲು ತಯಾರಿದ್ದರು. ಧೂಳಿಲ್ಲದ ಬಟ್ಟೆ ಕೊಡುವ ಏರ್ಪಾಡು ಏನಾದರೂ ಆಗುವುದಾದರೆ ಸೋಮವಾರದೊಳಗೆ ತಿಳಿಸಬೇಕು, ಇಲ್ಲವಾದರೆ ಅಂದಿಗೇ ಕೆಲಸ ಮುಗಿಯಿತು. ಅಷ್ಟರಲ್ಲೇ ನೊರೆ ಕಂಪನಿಯ ಸಾಮಾನಿಗೆ ಶನಿವಾರ ಹರಾಜು ಎಂಬ ಸುದ್ದಿಯೂ ಬಂತು. ದೇವರು ಬಾಗಿಲು ತೆರೆದ ಎಂದು ಅಂಬಿಕ ಅಂದಳು. ಇಂದ್ರಾಣಿಗೆ ಮಾತ್ರ ಅಳುಕು. ಅವಳು ನಡೆಸಿ ಬಲ್ಲ ಹರಾಜು ಒಂದೇ, ಅದು ಚೀಟಿಯದು.

ಆ ಚೀಟಿಯ ವಿಷಯ ಇಲ್ಲಿ ಹೇಳಬೇಕು. ಸಾಲುಮನೆಯ ಹೆಂಗಸರು ತಿಂಗಳಿಗಿಷ್ಟು ಎಂದು ಹಾಕಿದ ದುಡ್ಡನ್ನು ಹರಾಜು ಕೂಗುವುದು ಎಲ್ಲ ಕಡೆಯೂ ಉಂಟು. ಯಾರು ಹೆಚ್ಚು ಬಿಟ್ಟುಕೊಡಲು ಒಪ್ಪುತ್ತಾರೋ ಆ ತಿಂಗಳ ಗಂಟು ಅವರಿಗೆ. ಇಂದ್ರಾಣಿಯ ಚೀಟಿಯಲ್ಲಿ ಇನ್ನೊಂದು ರೂಢಿಯಿತ್ತು. ಯಾರಿಗಾದರೂ ತಡೆಯಲಾಗದ ಗಂಡಾಂತರ ಬಂದಿದ್ದರೆ ಅವಳು ಎದ್ದು ನಿಂತು ತನ್ನ ಕಷ್ಟ ಹೇಳಿಕೊಳ್ಳುತ್ತಾಳೆ. ಹೇಳಿದ ಮೇಲೆ ಉಳಿದವರು ಬಾಯಿ ಕಟ್ಟಿಕೊಳ್ಳುತ್ತಾರೆ, ಗಂಟು ಹೆಚ್ಚು ಕೊರೆಯದೆ ಅವಳ ಕೈಸೇರುತ್ತದೆ. ಇಬ್ಬರು ಎದ್ದು ನಿಂತರೆ ಕಾಯಿಲೆಯ ಕಷ್ಟಕ್ಕೆ ಮೊದಲ ಮರ್ಯಾದೆ. ಮದುವೆ, ಕೆಲಸ, ಮನೆ ರಿಪೇರಿ ಎಲ್ಲ ಆಮೇಲೆ. ಒಮ್ಮೆ ಬಾಯಿ ಕಟ್ಟಿಕೊಂಡವಳು ಅದೇ ಹರಾಜಿನಲ್ಲಿ ಮತ್ತೆ ಬಾಯಿ ಬಿಡುವಂತಿಲ್ಲ. ಎಲ್ಲೂ ಬರೆದಿಡದ ಈ ರೂಢಿಯನ್ನು ಮುರಿದವರಿಲ್ಲ, ಏಕೆಂದರೆ ಇಂದು ಸುಮ್ಮನಾದವಳಿಗೆ ನಾಳೆ ಉಳಿದವರು ಸುಮ್ಮನಾಗುತ್ತಿದ್ದರು.

ಇಷ್ಟು ವರ್ಷ ಚೀಟಿ ನಡೆಸಿದ ಇಂದ್ರಾಣಿ ತನಗಾಗಿ ಒಮ್ಮೆಯೂ ಕಷ್ಟ ಹೇಳಿಕೊಂಡವಳಲ್ಲ. ಆ ವಾರ ಎದ್ದು ನಿಂತಳು. ಮಾತು ತಡವರಿಸಿತು, ಮುಖ ಕೆಂಪಾಯಿತು. ಎಲ್ಲರೂ ಸುಮ್ಮನಾದರು. ಮಗಳ ಸೀಮಂತಕ್ಕೆಂದು ಆ ತಿಂಗಳ ಗಂಟನ್ನೇ ಕಾದು ಕುಳಿತಿದ್ದ ಕದಿರಮ್ಮ ಕೂಡ ತುಟಿ ಬಿಚ್ಚಲಿಲ್ಲ. ಇಪ್ಪತ್ತೈದು ಸಾವಿರ ರೂಪಾಯಿಯನ್ನು ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಇಂದ್ರಾಣಿ ಶನಿವಾರ ಬೆಳಗ್ಗೆ ಅಂಬಿಕಳ ಜೊತೆ ರೈಲು ಹತ್ತಿದಳು. ಬಂಗಾರಪೇಟೆ ಬರುವಷ್ಟರಲ್ಲಿ ಆ ಗಂಟನ್ನು ಅದೆಷ್ಟು ಸಲ ಮುಟ್ಟಿ ನೋಡಿಕೊಂಡಳೋ, ಅಂಬಿಕಳಿಗೇ ನಗು ಬಂತು. ಎದುರಿಗೆ ಕೂತವರಿಗೆಲ್ಲ ಗಂಟು ಎಲ್ಲಿದೆ ಅಂತ ನೀನೇ ತೋರಿಸ್ತಿದ್ದೀಯ ಎಂದು ಛೇಡಿಸಿದಳು.

ಶೆಡ್ಡಿನೊಳಗೆ ಕಾಲಿಟ್ಟು ಇಂದ್ರಾಣಿ ಸುತ್ತ ನೋಡಿದಳು. ಅಲ್ಲಿದ್ದವರಲ್ಲಿ ಬಹುಪಾಲು ವ್ಯಾಪಾರಿಗಳು. ಮಿಶನ್‌ಗಳ ಹಿಂಬದಿ ಬಗ್ಗಿ ನೋಡುವವರು, ಮುಚ್ಚಳ ಎತ್ತಿ ಟಾರ್ಚ್ ಬಿಡುವವರು, ಮೂಲೆಯಲ್ಲಿ ನಿಂತು ಪಿಸುಗುಟ್ಟುವವರು. ಹರಾಜು ನಡೆಸಲು ಬೆಂಗಳೂರಿನಿಂದ ಬಂದಿದ್ದ ಸಾಯಿಕುಮಾರ್ ಎಂಬಾತ ಟೋಕನ್ ಕೊಟ್ಟು, ಹೊಸ ಮಿಶನ್‌ಗಳು ಹತ್ತರ ಗುಂಪಾಗಿ ಮಾತ್ರ ಮಾರಾಟ, ಬಳಸಿ ವಾಪಸು ಬಂದವು ಒಂದೊಂದೇ ಎಂದು ವಿವರಿಸಿದ. ಬಳಸಿದವುಗಳಲ್ಲಿ ಕೆಟ್ಟವೇ ಹೆಚ್ಚು. ಓಡುವ ಸ್ಥಿತಿಯಲ್ಲಿದ್ದದ್ದು ಒಂದೇ, ಅದು ಇಂದ್ರಾಣಿಯ ಮನೆಯಲ್ಲಿದ್ದದ್ದು. ಬಾಗಿಲ ಮೇಲಿನ ಕುಂಕುಮದ ಕಲೆ ನೋಡಿ ಅವಳು ಗುರುತು ಹಿಡಿದಳು. ಹತ್ತಿರ ಹೋಗಿ ಒಂದು ಸಲ ಸವರಿ, ಯಾರಾದರೂ ನೋಡಿದರೇನೋ ಎಂದು ಬೇಗ ಕೈ ಹಿಂದೆಗೆದುಕೊಂಡಳು.

ಮೊದಲು ಹೊಸ ಮಿಶನ್‌ಗಳ ಗುಂಪುಗಳು ಹೋದವು. ಸವಾಲು ಕೂಗುವವರು ಮುಖವೂ ಎತ್ತದೆ ಒಂದು ಬೆರಳು ಎತ್ತುತ್ತಿದ್ದರು, ಅಷ್ಟಕ್ಕೇ ಸಾವಿರಗಳು ಏರುತ್ತಿದ್ದವು. ಇಲ್ಲಿ ತನ್ನ ದನಿ ಹೊರಡುವುದೇ ಅನುಮಾನ ಎನಿಸಿ ಇಂದ್ರಾಣಿ ಅಂಬಿಕಳಿಗೆ, ನೀನೇ ಕೂಗು ಎಂದಳು. ಅಂಬಿಕ ಆಗಲ್ಲ ಎಂದು ತಲೆಯಾಡಿಸಿದಳು. ಟೋಕನ್ ಇದ್ದದ್ದು ಇಂದ್ರಾಣಿಯ ಹೆಸರಿಗೆ.

ಕೊನೆಗೆ ಕುಂಕುಮದ ಮಿಶನ್‌ನ ಸರದಿ ಬಂತು. ಹತ್ತು ಸಾವಿರದಿಂದ ಶುರು ಎಂದು ಸಾಯಿಕುಮಾರ್ ಕೂಗಿದ. ಬಂಗಾರಪೇಟೆಯಲ್ಲಿ ಹಳೆ ಸಾಮಾನಿನ ದೊಡ್ಡ ಮಳಿಗೆ ಇಟ್ಟಿದ್ದ ಕೋದಂಡಪ್ಪ ಮೊದಲ ಬೆರಳೆತ್ತಿದ. ಇಂದ್ರಾಣಿ ಹನ್ನೊಂದು ಅಂದಳು. ಅವನು ಹನ್ನೆರಡು. ಇವಳು ಹದಿಮೂರು. ಅವನು ಹದಿನಾಲ್ಕು ಅಂದಾಗ ಅವಳಿಗೆ ಇದು ಎಲ್ಲಿಗೆ ಹೋಗಿ ನಿಲ್ಲುವುದೋ ಎಂಬ ದಿಗಿಲು ಹತ್ತಿತು. ದಿಗಿಲಿನಲ್ಲಿ ಮನುಷ್ಯರು ತಮಗೆ ಅಭ್ಯಾಸವಾದದ್ದನ್ನೇ ಮಾಡುತ್ತಾರೆ. ಇಂದ್ರಾಣಿ ಎರಡು ಹೆಜ್ಜೆ ಮುಂದೆ ಬಂದು, ಕೈ ಕಟ್ಟಿಕೊಂಡು, ಚೀಟಿಯಲ್ಲಿ ನಿಂತಂತೆ ನಿಂತಳು.

"ಅಣ್ಣೋರೆ, ಒಂದ್ ಮಾತು. ನಾವಿಬ್ರು ಎಣ್ಮಕ್ಳು ಆಸ್ಪತ್ರೆ ಬಟ್ಟೆ ಒಗ್ದು ಜೀವ್ನ ಮಾಡೋರು. ನಮ್ ಕಡೆ ದಿಬ್ಬದ್ ಧೂಳು, ಒರ್ಗೆ ಒಣಾಕಕ್ಕಾಗಲ್ಲ. ಈ ಮಿಶನ್ ಸಿಗ್ಲಿಲ್ಲ ಅಂದ್ರೆ ಸೋಮಾರದಿಂದ ನಮ್ಗೆ ಕೆಲ್ಸ ಇಲ್ಲ. ಹದಿನೈದು ಅಂತೀನಿ."

ಶೆಡ್ಡಿನಲ್ಲಿ ಒಂದಿಷ್ಟು ಜನ ಹುಬ್ಬೇರಿಸಿದರು. ಸಾಯಿಕುಮಾರ್‌ಗೆ ಏನು ಹೇಳಬೇಕೋ ತೋಚದೆ, ಹದಿನೈದು ಎಂದಷ್ಟೇ ಪುನರುಚ್ಚರಿಸಿದ. ಕೋದಂಡಪ್ಪ ಬೆರಳೆತ್ತಲಿಲ್ಲ. ಮುಖ ಬೇರೆ ಕಡೆ ತಿರುಗಿಸಿಕೊಂಡು ಬಾಗಿಲ ಕಡೆಗೆ ನಾಲ್ಕು ಹೆಜ್ಜೆ ಹೋದ. ಇಂದ್ರಾಣಿಗೆ ಹೋದ ಜೀವ ಬಂದಂತಾಯಿತು. ದೊಡ್ಡ ಮನುಷ್ಯ, ಬಾಯಿ ಕಟ್ಟಿಕೊಂಡ ಎಂದು ಮನಸ್ಸಿನಲ್ಲೇ ಕೈಮುಗಿದಳು. ಅಸಲಿಗೆ ಆಗಿದ್ದು ಇಷ್ಟೇ: ಕೋದಂಡಪ್ಪನಿಗೆ ಫೋನು ಬಂದಿತ್ತು. ಅವಳ ಮಾತಿನ ಒಂದಕ್ಷರವೂ ಅವನ ಕಿವಿಗೆ ಬಿದ್ದಿರಲಿಲ್ಲ.

ಆಗಲೇ ಹಿಂದಿನಿಂದ ಒಂದು ಮುದಿ ದನಿ ಹದಿನಾರು ಅಂದಿತು. ಎಲ್ಲರೂ ತಿರುಗಿದರು. ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಟವಲು ಹಾಕಿದ ರೈತ. ಹೆಸರು ಮುನಿಸ್ವಾಮಪ್ಪ, ಬೇತಮಂಗಲದ ಕಡೆಯ ಹಳ್ಳಿಯವನು, ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು. ಇಂದ್ರಾಣಿ ಹೇಳಿಕೊಂಡದ್ದನ್ನು ಕೇಳಿ ತಾನೂ ಒಂದು ಮಾತು ಹೇಳಬೇಕು ಎನಿಸಿತೋ, ಅವಳ ಮೇಲೆ ಕೂಗಿದ್ದಕ್ಕೆ ನಾಚಿಕೆಯಾಯಿತೋ, ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಪ್ಪು ತಿಳೀಬ್ಯಾಡ ತಾಯೀ. ನಮ್ ಎಂಗುಸ್ರು ಚಿಕ್ಕವೆಂಕಟಮ್ಮ ಲಕ್ವ ಒಡ್ದು ಆಸ್ಗೆ ಇಡ್ದವ್ಳೆ. ಎಲ್ಲಾ ಆಸ್ಗೇಲೇ. ದಿನಾ ನಾನೇ ಬಟ್ಟೆ ಒಗೀತೀನಿ, ಒಣಗಲ್ಲ, ಒದ್ದೇದ್ನೇ ಆಸ್ತೀನಿ. ಬೆನ್ನೆಲ್ಲಾ ಉಣ್ಣಾಗೋಗದೆ."

ಇಂದ್ರಾಣಿಗೆ ತನ್ನ ಚೀಟಿಯ ರೂಢಿ ನೆನಪಾಯಿತು. ಕಾಯಿಲೆಯ ಕಷ್ಟಕ್ಕೆ ಮೊದಲ ಮರ್ಯಾದೆ. ಎಷ್ಟು ತಿಂಗಳ ಚೀಟಿಯಲ್ಲಿ ಈ ಮಾತನ್ನು ತಾನೇ ಹೇಳಿ, ಅಳುಮೋರೆ ಹಾಕಿದವರನ್ನು ಕೂರಿಸಿದ್ದಳು! ಕದಿರಮ್ಮ ತನಗಾಗಿ ಸುಮ್ಮನಾಗಿದ್ದು ಮೊನ್ನೆ ಮೊನ್ನೆ. ಆ ಮೌನದ ದುಡ್ಡನ್ನೇ ಸೊಂಟಕ್ಕೆ ಕಟ್ಟಿಕೊಂಡು ಬಂದು, ಹಾಸಿಗೆ ಹಿಡಿದ ಹೆಂಗಸಿನ ಎದುರು ಸವಾಲು ಕೂಗುವುದು ಹೇಗೆ? ಇನ್ನೊಂದು ಕಡೆ ಕೆಲಸ. ಮತ್ತೊಂದು ಕಡೆ ಪಕ್ಕದಲ್ಲೇ ನಿಂತ ಅಂಬಿಕ. ಸಾಯಿಕುಮಾರ್ ಇಂದ್ರಾಣಿಯನ್ನೇ ನೋಡುತ್ತಿದ್ದ. ಅವಳು ಹದಿನೇಳು ಎನ್ನಲು ಬಾಯಿ ತೆರೆದಳು. ಮುದುಕ ಟವಲನ್ನು ಹಿಂಡುತ್ತಾ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಬಾಯಿ ಮುಚ್ಚಿ, ಇಲ್ಲ ಎಂದು ತಲೆಯಾಡಿಸಿದಳು.

"ಅಕ್ಕಾ," ಎಂದು ಅಂಬಿಕ ರಟ್ಟೆ ಹಿಡಿದಳು. ಇಂದ್ರಾಣಿ ಕೈ ಕೊಡವಿದಳು. ಹದಿನಾರು, ಒಂದು ಸಾರಿ, ಎಂದು ಸಾಯಿಕುಮಾರ್ ಕೂಗಿದ.

ಬಾಗಿಲ ಹತ್ತಿರ ಫೋನು ಜೇಬಿಗಿಟ್ಟುಕೊಂಡ ಕೋದಂಡಪ್ಪ ವಾಪಸು ಬಂದು, ಎಲ್ಲಿಗೆ ನಿಂತಿದೆ ಎಂದು ಪಕ್ಕದವನನ್ನು ಕೇಳಿ, ಹದಿನೇಳು ಅಂದ.

ಇಂದ್ರಾಣಿ ನಂಬಲಾರದೆ ಅವನ ಕಡೆ ತಿರುಗಿದಳು. ಬಾಯಿ ಕಟ್ಟಿಕೊಂಡವನು ಮತ್ತೆ ಬಿಡುವುದುಂಟೇ? ಅವನ ಮುಖದಲ್ಲಿ ನಾಚಿಕೆಯಿದೆಯೇ ಎಂದು ಹುಡುಕಿದಳು. ಅವನು ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಅಡಿಕೆ ತೆಗೆಯುತ್ತಿದ್ದ. ಮುನಿಸ್ವಾಮಪ್ಪ ಜೇಬು ಮುಟ್ಟಿ ನೋಡಿಕೊಂಡು, ದನಿ ಸಣ್ಣದಾಗಿ, ಹದಿನೆಂಟು ಎಂದ. ಅದು ಅವನ ಕೊನೆಯ ಕೂಗು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಕೋದಂಡಪ್ಪ ಹತ್ತೊಂಬತ್ತು ಅಂದ. ಮುದುಕ ಟವಲನ್ನು ಹೆಗಲಿಗೆ ಹಾಕಿಕೊಂಡ.

"ಹತ್ತೊಂಬತ್ತು, ಒಂದು ಸಾರಿ."

ಅಂಬಿಕ ಈಗ ಕಿವಿಯಲ್ಲಿ ಗೋಗರೆಯುತ್ತಿದ್ದಳು. ತಾತ ಬಿಟ್ಟಾಯಿತು, ಇನ್ನು ಅವನಿಗೆ ಅನ್ಯಾಯವೇನೂ ಆಗುವುದಿಲ್ಲ, ನಿನ್ನ ಹತ್ತಿರ ಇದೆಯಲ್ಲ, ಕೂಗು ಎಂದಳು. ಇಂದ್ರಾಣಿಗೆ ಎಲ್ಲ ಕೇಳಿಸುತ್ತಿತ್ತು. ಇಪ್ಪತ್ತು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಒಮ್ಮೆ ಬಾಯಿ ಕಟ್ಟಿಕೊಂಡವಳು ಅದೇ ಹರಾಜಿನಲ್ಲಿ ಬಾಯಿ ಬಿಡುವಂತಿಲ್ಲ. ಆ ಮುದುಕನಿಗೆ ಬಿಟ್ಟುಕೊಡುತ್ತೇನೆಂದು ಎಲ್ಲರೆದುರು ತಲೆಯಾಡಿಸಿ, ಅವನ ಕೈ ಸೋತದ್ದೇ ತಡ ತಾನು ಬಾಚಿಕೊಂಡರೆ, ತಾನೂ, ಅಡಿಕೆ ತೆಗೆಯುತ್ತಿರುವ ಇವನೂ ಒಂದೇ ಆಗುವುದಿಲ್ಲವೇ? ಎರಡು ಸಾರಿ ಎಂಬ ಕೂಗೂ ಬಿತ್ತು. ಕೋದಂಡಪ್ಪನೇ ಕೊನೆ ಗಳಿಗೆಯಲ್ಲಿ ನಾಚಿ, ಬೇಡ, ಆ ಅಜ್ಜನಿಗೆ ಕೊಡಿ ಎನ್ನಬಹುದು ಎಂದು ಕಾದಳು. ಅಂಥ ಮಾತನ್ನು ಆ ಶೆಡ್ಡಿನಲ್ಲಿ ಕಾಯುತ್ತಿದ್ದವಳು ಅವಳೊಬ್ಬಳೇ.

ಮೂರು ಸಾರಿ ಆಯಿತು. ಸಾಯಿಕುಮಾರ್ ಮುಂದಿನ ಸಾಮಾನಿನ ನಂಬರು ಕೂಗಿದ.

ಅಂಬಿಕ ಸುಮ್ಮನಿರಲಾರದೆ ಕೋದಂಡಪ್ಪನ ಹತ್ತಿರ ಹೋಗಿ, ಮೇಲೆ ಏನಾದರೂ ಕೊಡುತ್ತೇವೆ, ಮಿಶನ್ ನಮಗೆ ಬಿಟ್ಟುಕೊಡಿ ಎಂದು ಬೇಡಿದಳು. ಅವನೇನು ಕೆಟ್ಟವನಲ್ಲ. ಮುಳಬಾಗಿಲಿನ ಲಾಡ್ಜಿನವರು ಈಗ ತಾನೆ ಫೋನು ಮಾಡಿ ಒಂದು ಮಿಶನ್ ಬೇಕೇಬೇಕು ಅಂದರು, ಮಾತು ಕೊಟ್ಟುಬಿಟ್ಟೆ ಎಂದು ಸಮಾಧಾನವಾಗಿಯೇ ಹೇಳಿದ. ಆಮೇಲೆ ಇಂದ್ರಾಣಿಯ ಕಡೆ ನೋಡಿ, ನಿಜವಾಗಿಯೂ ಅರ್ಥವಾಗದೆ ಕೇಳಿದ.

"ಬೇಕಿದ್ರೆ ಕೂಗ್ಬೇಕಿತ್ತಲ್ಲಮ್ಮಾ. ನಿನ್ ಬಾಯೇನ್ ನಾನ್ ಇಡ್ಕೊಂಡಿದ್ನಾ?"

ಇಂದ್ರಾಣಿ ಬಾಗಿಲ ಕಡೆ ನಡೆದಳು. ಹೊರಗೆ ಮುನಿಸ್ವಾಮಪ್ಪ ತನ್ನ ಟಿವಿಎಸ್ ಗಾಡಿಯ ಪಕ್ಕ ನಿಂತಿದ್ದ. ಇವರನ್ನು ಕಂಡು ಹತ್ತಿರ ಬಂದ. ಪಾಪ, ನಿನಗೂ ದುಡ್ಡು ಸಾಲದೆ ಹೋಯಿತಾ ತಾಯಿ ಎಂದು ಕನಿಕರದಿಂದ ವಿಚಾರಿಸಿದ. ಇಂದ್ರಾಣಿ ಹೂಂ ಎಂದಳು. ದುಡ್ಡಿತ್ತು, ನಿನಗಾಗಿ ಬಿಟ್ಟೆ ಎಂದು ಹೇಳಿ ಅವನ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಲು ಅವಳಿಗೆ ಮನಸ್ಸಾಗಲಿಲ್ಲ. ಸಂಜೆ ಹಾಲು ಕರೆಯಬೇಕು, ಅದಕ್ಕೆ ಮುಂಚೆ ಹೆಂಡತಿಯ ಬಟ್ಟೆ ಬದಲಾಯಿಸಬೇಕು ಎಂದು ಮುದುಕ ಗಾಡಿ ಹತ್ತಿ ಹೊರಟುಹೋದ.

ಸ್ಟೇಷನ್ನಿಗೆ ನಡೆಯುವ ದಾರಿಯಲ್ಲೇ ಕಲ್ಪನ ಮೇಡಂ ಫೋನು ಮಾಡಿದರು. ಸಿಗಲಿಲ್ಲ ಮೇಡಂ ಎಂದಳು ಇಂದ್ರಾಣಿ. ಹಾಗಾದರೆ ಸೋಮವಾರ ಉಳಿದ ಚಾದರಗಳನ್ನೆಲ್ಲ ತಂದೊಪ್ಪಿಸಿಬಿಡು, ಬೇಜಾರು ಮಾಡಿಕೊಳ್ಳಬೇಡ ಎಂದರು. ಇಂದ್ರಾಣಿ ಬೇಜಾರಿಲ್ಲ ಎಂದಳು.

ಮಾರಿಕುಪ್ಪಂ ರೈಲು ಹೊರಡಲು ಇನ್ನೂ ಹೊತ್ತಿತ್ತು. ಇಬ್ಬರೂ ಡಬ್ಬಿಯೊಳಗೆ ಎದುರುಬದುರು ಕೂತರು. ಅಂಬಿಕ ಬೈಯಬಹುದು, ಅಳಬಹುದು, ಇನ್ನು ನನ್ನ ಗತಿಯೇನು ಎಂದು ಕೇಳಬಹುದು ಎಂದು ಇಂದ್ರಾಣಿ ಒಳಗೊಳಗೇ ಉತ್ತರ ಸಿದ್ಧಮಾಡಿಕೊಂಡಳು. ಕಾಯಿಲೆಯವರ ಎದುರು ಹೇಗೆ ಕೂಗಲಿ, ರೂಢಿ ಅನ್ನೋದು ಬೇಡವಾ, ನಾಳೆ ಕದಿರಮ್ಮನಿಗೆ ಹೇಗೆ ಮುಖ ತೋರಿಸಲಿ, ಹೀಗೆ. ಎಲ್ಲವೂ ಅವಳ ಮಟ್ಟಿಗೆ ಸರಿಯಾದ ಉತ್ತರಗಳೇ. ಅಂಬಿಕ ಅದಾವುದನ್ನೂ ಕೇಳಲಿಲ್ಲ. ತನ್ನ ಸಿಪ್ಪೆ ಸುಲಿದ ಅಂಗೈಗಳನ್ನು ನೋಡಿಕೊಳ್ಳುತ್ತಾ ಕೂತಿದ್ದವಳು, ಜಗಳದ ದನಿಯಲ್ಲಲ್ಲ, ಲೆಕ್ಕ ತಾಳೆಯಾಗದವರ ಹಾಗೆ ನಿಧಾನವಾಗಿ ಕೇಳಿದಳು.

"ಆ ತಾತಂಗೆ ಮಿಶನ್ ಯಾಕಕ್ಕಾ ಬೇಕಿತ್ತು?"

"ಕೇಳಿಸ್ಕೊಂಡ್ಯಲ್ಲ. ಎಂಡ್ತಿ ಬಟ್ಟೆ ಒಗ್ಯಾಕೆ."

"ಒಗ್ಯೋರು ನಾವಲ್ವಾ? ನೀನ್ ಕೂಗಿ ತಕ್ಕೊಂಡಿದ್ರೆ, ಆಸ್ಪತ್ರೆ ಬಟ್ಟೆ ಜೊತೆ ಆ ತಾತನ್ ಎಂಡ್ತೀದೂ ಆಕ್ತಿದ್ವಿ. ಬೇತಮಂಗಲ ಬಸ್ಸಲ್ಲಿ ತಂದ್ಕೊಡೋನು, ಒಣಗಿದ್ ಬಟ್ಟೆ ತಕ್ಕೊಂಡೋಗೋನು."

ಇಂದ್ರಾಣಿ ಅಂಬಿಕಳನ್ನು ನೋಡುತ್ತಲೇ ಇದ್ದಳು. ಇಷ್ಟು ಸಣ್ಣ ಮಾತು. ಶೆಡ್ಡಿನಲ್ಲಿ ನಿಂತು ಅವಳು ಯಾರ ಕಷ್ಟ ದೊಡ್ಡದು, ಯಾರದು ಚಿಕ್ಕದು ಎಂದು ತೂಗಿದ್ದಳು. ಎರಡು ಕಷ್ಟಕ್ಕೂ ಒಂದೇ ಮಿಶನ್ ಸಾಕಾಗುತ್ತಿತ್ತು, ಆ ಮುದುಕನಿಗೆ ಬೇಕಾಗಿದ್ದು ತಾನು ದಿನಾ ಮಾಡುವ ಕೆಲಸವೇ ಎಂಬುದು ತಲೆಗೆ ಬಂದಿರಲೇ ಇಲ್ಲ. ಆ ಹೆಂಗಸು ಇವತ್ತೂ ಒದ್ದೆ ಬಟ್ಟೆಯ ಮೇಲೇ ಮಲಗುತ್ತಾಳೆ. ಅಂಬಿಕಳಿಗೂ ಕೆಲಸವಿಲ್ಲ. ಮುಳಬಾಗಿಲಿನಲ್ಲಿ ಯಾವುದೋ ಲಾಡ್ಜಿನ ಟವಲುಗಳು ಒಣಗುತ್ತವೆ. ಇದೆಲ್ಲ ತಾನು ಒಳ್ಳೆಯವಳಾಗಿ ನಿಂತದ್ದರಿಂದ ಆದದ್ದು.

"ನಂಗೆ ಒಳೀಲೇ ಇಲ್ವೇ ಅಂಬಿಕಾ," ಎಂದಳು.

ಅಂಬಿಕ ಕಿಟಕಿಯ ಕಡೆ ತಿರುಗಿದಳು. ಗಣಿ ಮುಚ್ಚಿದ ದಿನ ಕಣ್ಣೀರು ಹಾಕದ ಇಂದ್ರಾಣಿ, ಸೊಂಟದ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗುರುತು ಪರಿಚಯವಿಲ್ಲದವರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತಳು.